ಗುಳ್ಳೆ ಮೀಮಾಂಸೆ: ಕಬ್ಬಿಣದ ಪ್ರಕರಣ

ವಿಷಯ: ಷೇರುಪೇಟೆ ಏರಿದಾಗಲೆಲ್ಲ ‘ಇದು ಗುಳ್ಳೆಯೋ, ಅಲ್ಲವೋ’ ಎಂಬ ಜಿಜ್ಞಾಸೆ ಹುಟ್ಟುತ್ತದೆ, ಇಳಿದ ದಿನ ತಾನಾಗಿ ಸಾಯುತ್ತದೆ. ಅದು ಜೀವಂತವಿರುವಾಗಲೇ ಇತ್ಯರ್ಥಪಡಿಸುವುದು ನಮ್ಮ ಉದ್ದೇಶ. ಕ್ಷೇತ್ರ, ಗೋವಾ. ಮಾಂಡೋವಿ ನದಿಯಲ್ಲಿ ತೇಲುವ ಕ್ಯಾಸಿನೊಗಳನ್ನು ಕೈಬಿಡಲಾಗಿದೆ; ಅಲ್ಲಿಗೆ ಹೋದವನಿಗೆ ತಾನು ಜೂಜಾಡುತ್ತಿರುವುದು ಗೊತ್ತಿರುತ್ತದೆ.

ಪೂರ್ವಪಕ್ಷ: ಗುಳ್ಳೆಯೊಳಗೆ ಇರುವುದು ಗಾಳಿ. ಕೈಗೆ ಸಿಗುವ ಸರಕಿದ್ದಲ್ಲಿ ಗುಳ್ಳೆಯಿಲ್ಲ. ಹಾಲೆಂಡಿನವರು 1637ರಲ್ಲಿ ಟುಲಿಪ್ ಗಡ್ಡೆ ನಂಬಿ ಕೆಟ್ಟರು, ಗಡ್ಡೆ ಕೊಳೆಯುತ್ತದೆ. ಗೋವಾದ್ದು ಕಬ್ಬಿಣದ ಅದಿರು.

ಸಿದ್ಧಾಂತ: ಅದಿರು ಕೊಳೆಯದು, ಸರಿ. ಅದನ್ನು ನಂಬಿದ ಲೆಕ್ಕ ಕೊಳೆಯುತ್ತದೆ. ಬೀಜಿಂಗ್ ಒಲಿಂಪಿಕ್ಸ್‌ನ ಆಸುಪಾಸಿನ ವರ್ಷಗಳಲ್ಲಿ ಚೀನಾದ ಕುಲುಮೆಗಳ ಹಸಿವು ಎಷ್ಟಿತ್ತೆಂದರೆ, ಕಳಪೆಯೆಂದು ಗಣಿ ಬದಿಗೆ ಸುರಿದಿದ್ದ ರಾಶಿಯೂ ಹಡಗು ಹತ್ತಿತು. 2010–11ರಲ್ಲಿ ಗೋವಾ ಬಂದರುಗಳಿಂದ ಹೋದ ಅದಿರು 5 ಕೋಟಿ ಟನ್ ದಾಟಿತು. ಅದರಲ್ಲಿ ನಮ್ಮ ಬಳ್ಳಾರಿ–ಹೊಸಪೇಟೆಯ ಪಾಲೂ ಇತ್ತು. ಸಾವರ್ಡೆ–ಕುಡಚಡೆ ರಸ್ತೆಯಲ್ಲಿ ಟಿಪ್ಪರುಗಳ ಸಾಲು ಬೆಳೆಯಿತು. ಗಣಿ ಕಂಪನಿ ಸೇಸಾ ಗೋವಾದ ಷೇರು ಕೊಳ್ಳಲು ಡಿಮ್ಯಾಟ್ ಖಾತೆ ಬೇಕು. ಟಿಪ್ಪರಿಗೆ ಸಾಲ ಸಾಕು. ಆದಕಾರಣ ಟಿಪ್ಪರನ್ನು ಚಕ್ರವುಳ್ಳ ಷೇರೆಂದೇ ಎಣಿಸತಕ್ಕದ್ದು. ಲಕ್ಷಣ: ಮುಂದೆ ನಿಂಬೆ–ಮೆಣಸಿನಕಾಯಿ, ಮೈತುಂಬ ಕೆಂಧೂಳು, ಆರ್‌ಸಿ ಪುಸ್ತಕದಲ್ಲಿ ಬ್ಯಾಂಕಿನ ಹೆಸರು.

ಸ್ಫೋಟಕ್ರಮ: 2012ರ ಸೆಪ್ಟೆಂಬರಿನಲ್ಲಿ ಅಕ್ರಮ ಗಣಿಗಾರಿಕೆಯ ತನಿಖೆ ನಡೆಸಿದ ಷಾ ಆಯೋಗದ ವರದಿ ಸಂಸತ್ತಿನ ಮುಂದೆ ಬಂತು, ಬೆನ್ನಿಗೇ ಗೋವಾ ಸರ್ಕಾರ ಗಣಿಗಾರಿಕೆ ನಿಲ್ಲಿಸಿತು. ಅಕ್ಟೋಬರ್ 5ರಂದು ಸುಪ್ರೀಂ ಕೋರ್ಟ್ ಸಾಗಣೆಗೂ ತಡೆ ಹಾಕಿತು. 2014ರಲ್ಲಿ ವರ್ಷಕ್ಕೆ 2 ಕೋಟಿ ಟನ್ ಮಿತಿಯೊಡನೆ ತಡೆ ತೆರವಾಯಿತು. 2018ರಲ್ಲಿ 88 ಗುತ್ತಿಗೆಗಳ ನವೀಕರಣವೇ ರದ್ದಾಯಿತು. ಗಮನಿಸತಕ್ಕ ಅಂಶ: ಒಂದು ಬೊಗಸೆ ಅದಿರೂ ಆವಿಯಾಗಿರಲಿಲ್ಲ. ಗುಡ್ಡ ಇದ್ದಲ್ಲೇ ಇತ್ತು, ಟಿಪ್ಪರ್ ನಿಂತಲ್ಲೇ ಇತ್ತು. ಸಾಲದ ಕಂತು ಮಾತ್ರ ಓಡುತ್ತಿತ್ತು.

ಆಕ್ಷೇಪ: ದೀರ್ಘಕಾಲ ಹಿಡಿದುಕೊಂಡವನಿಗೆ ಭಯವಿಲ್ಲ.

ಸಮಾಧಾನ: ಸೇಸಾ ಗೋವಾ 2013ರಲ್ಲಿ ಸೇಸಾ ಸ್ಟರ್ಲೈಟ್ ಆಗಿ, 2015ರಲ್ಲಿ ವೇದಾಂತವಾಯಿತು. ದೀರ್ಘಕಾಲ ಹಿಡಿದವನು ತಲುಪುವುದು ಅಲ್ಲಿಗೇ.

ನಿರ್ಣಯ: ಗುಳ್ಳೆಯನ್ನು ಒಳಗಿನ ಸರಕು ನೋಡಿ ಗುರುತಿಸಲಾಗದು. ‘ನಾಳೆಯೂ ಹೀಗೇ’ ಎಂಬ ಒಂದೇ ಊಹೆಯ ಮೇಲೆ ಸಾಲ ತಂದವರು ಹೆಚ್ಚಿದಷ್ಟೂ ಅದರ ತೊಗಲು ತೆಳು. ಈಗಿನ ಏರಿಕೆಯ ಬಗ್ಗೆ ಸಂಶಯವಿದ್ದವರು, ಪಕ್ಕದ ಮನೆಯವರು ಬಂಗಾರ ಅಡವಿಟ್ಟು ಷೇರು ಕೊಂಡಿದ್ದಾರೆಯೇ ಎಂದು ವಿಚಾರಿಸಲಿ. ಸೆನ್ಸೆಕ್ಸನ್ನು ಕೇಳಿ ಫಲವಿಲ್ಲ. 2008ರ ಜನವರಿಯಲ್ಲಿ 21,000 ದಾಟಿದ ಅದು, ಅಕ್ಟೋಬರಿನಲ್ಲಿ 8,000ಕ್ಕಿಂತ ಕೆಳಗಿಳಿಯುವ ಮುನ್ನ ಯಾರಿಗೂ ಹೇಳಿರಲಿಲ್ಲ.

ಫಲಶ್ರುತಿ: ಈ ಪ್ರಬಂಧವನ್ನು ಬೆಳಿಗ್ಗೆ 9.15ಕ್ಕೆ ಮುಂಚೆ ಪಠಿಸಿದವರಿಗೆ ವಿವೇಕವೂ, ಮಧ್ಯಾಹ್ನ 3.30ರ ನಂತರ ಪಠಿಸಿದವರಿಗೆ ಪಶ್ಚಾತ್ತಾಪವೂ ಪ್ರಾಪ್ತಿ. ಕೊಂಡರೂ ಮಾರಿದರೂ ಬ್ರೋಕರೇಜ್ ಪ್ರಾಪ್ತಿಯಾಗುವ ದಲ್ಲಾಳಿಗಳು ಇದನ್ನು ಓದಬೇಕಾಗಿಲ್ಲ.