ಬರಗಾಲ, ಭೂಕಂಪ, ಬರ್ತ್‌ಡೇ

ನಮ್ಮ ಮನೆಯಲ್ಲಿ ಯಾರು ಯಾವಾಗ ಹುಟ್ಟಿದರೆಂದು ಕೇಳಿದರೆ ಒಂದೊಂದು ಅನಾಹುತದ ಹೆಸರು ಹೇಳುತ್ತಾರೆ. ಮುತ್ಯಾ ‘ಪೊಲೀಸ್ ಆ್ಯಕ್ಷನ್’ ಹೊತ್ತಿಗೆ, ಅಂದರೆ 1948ರ ಸೆಪ್ಟೆಂಬರಿನಲ್ಲಿ ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ಬಂದಾಗ, ಅಂಬೆಗಾಲಿಡುತ್ತಿದ್ದನಂತೆ. ಅವ್ವ 1972ರ ಬರಗಾಲದ ಕೂಸು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವಾದಾಗ ತಂಗಿ ತೊಟ್ಟಿಲಲ್ಲಿದ್ದಳು.

ಅನಾಹುತವಿಲ್ಲದೆ ಹುಟ್ಟಿದವನು ನಾನೊಬ್ಬನೇ: ಜೂನ್ 1. ನಮ್ಮ ಓಣಿಯಲ್ಲಿ ಶಾಲೆ ಕಂಡವರೆಲ್ಲ ಅದೇ ದಿನ ಹುಟ್ಟಿದವರು. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ನೋಡಿ, ಹೆಡ್‌ಮಾಸ್ತರರು ಶಾಲೆ ತೆರೆಯುವ ಕಾಲದ ಒಂದು ತಾರೀಖು ಬರೆದುಕೊಂಡರು, ಮುಗಿಯಿತು. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲೇ ಬಂದಿತ್ತು ನಿಜ. ನಮ್ಮೂರು ಚಿಂತಾಕಿಗೆ ಮಾತ್ರ ನಡೆದುಕೊಂಡು ಬಂತು. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ತುಂಬಿರಬೇಕೆಂದು 2022ರಲ್ಲಿ ಸರ್ಕಾರದ ಆದೇಶವಾಯಿತು. ಆ ತಾರೀಖಿನ ಮೇಲೆ ಇಲಾಖೆಗೆ ಈಗಲೂ ಏನೋ ಮೋಹ.

ಮಗನ ವಿಷಯದಲ್ಲಿ ಇಂಥ ಸಲೀಸಿಲ್ಲ. ಆಸ್ಪತ್ರೆಯವರು ಗಂಟೆ, ನಿಮಿಷ ಸಹಿತ ಬರೆದುಕೊಟ್ಟಿದ್ದಾರೆ. ಅವನ ಬರ್ತ್‌ಡೇ ಬಂದು ಬೀಳುವುದು ಸರಿಯಾಗಿ ಹೆಸರು ಬಿಡಿಸುವ ಕಾಲಕ್ಕೆ. ಹೊಲದಲ್ಲಿ ಕಾಯಿ ಒಣಗಿ ನಿಂತಿದೆ, ಮೇಲೆ ಮೋಡ ಕಟ್ಟಿದೆ, ಆಳು ಸಿಗುತ್ತಿಲ್ಲ. ಮನೆಯಲ್ಲಿ ಬಲೂನಿನ ಬಣ್ಣದ ಚರ್ಚೆ.

“ಸಣ್ಣ ಹುಡುಗರಿಗಷ್ಟೇ ಹೇಳೋಣ್ರಿ” ಅಂದಳು ಹೆಂಡತಿ. ಯಾದಿ ಬರೆಯಲು ಕೂತೆವು. ಹುಡುಗ ಬಂದರೆ ತಂಗಿಯನ್ನು ಬಗಲಲ್ಲಿ ಎತ್ತಿಕೊಂಡೇ ಬರುತ್ತಾನೆ, ಅವಳು ಅತ್ತರೆಂದು ಹಿಂದೆ ಆಯಿ ಬರುತ್ತಾಳೆ, ಆಯಿಗೆ ಮಂಡಿನೋವೆಂದು ಕೈಹಿಡಿಯಲು ಸೊಸೆ. ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹೇಳಿದರೆ ಬಿಟ್ಟ ಮನೆಯವರು ಮುಂದಿನ ಮದುವೆಯ ತನಕ ಮೋತಿ ತಿರುವಿಕೊಂಡು ಓಡಾಡುತ್ತಾರೆ. ಅವ್ವ ಆಯೇರಿ ಬರೆದ ಹಳೆಯ ವಹಿ ತಂದಿಟ್ಟಳು. ನನ್ನ ಮದುವೆಯಲ್ಲಿ ನೂರಾ ಒಂದು ಬರೆಸಿದವರನ್ನು ಬಿಡುವುದು ಹೇಗೆ? ಸಣ್ಣ ಹುಡುಗರ ಯಾದಿ ಸಂಜೆಯೊಳಗೆ ಮತದಾರರ ಯಾದಿಯಾಯಿತು. ಹುಗ್ಗಿಗೆ ಕಡಾಯಿ ಬಾಡಿಗೆ ಹೇಳಿಬಂದೆ.

ನಿಜವಾದ ಪಂಚಾಯ್ತಿ ಆದದ್ದು ಬ್ಯಾನರಿನ ಮೇಲೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯದಲ್ಲಿ 2016ರಲ್ಲೇ ನಿಷೇಧಿಸಲಾಗಿದೆ ಅಂದೆ. “ಎಮ್ಮೆಲ್ಲೆಗೋಳ ಬರ್ತ್‌ಡೇಕ್ಕ ಹಾಕ್ತಾರಲ್ಲ, ನಮ್ಮ ಕೂಸಿಗಷ್ಟೇ ಕಾಯ್ದೆ ಏನು?” ಅಂದ ತಮ್ಮ. ನಡುವೆ ಕಪ್ಪು ಕನ್ನಡಕ ಹಾಕಿಕೊಂಡ ಮಗ, ಹಿಂದೆ ಸಿಂಹ, ಕೆಳಗೆ ‘ಶುಭ ಕೋರುವವರು’. ದೇಗಲೂರಿನ ಸೋದರಮಾವ ತನ್ನ ಫೋಟೋವನ್ನು ತಾನೇ ಕಳಿಸಿದ. ಮೊಬೈಲ್ ಕಿವಿಗಿಟ್ಟುಕೊಂಡು ದೂರ ನೋಡುತ್ತಿರುವ ಫೋಟೋ. ಸೋದರಮಾವ ಮೇಲೆ ಬಂದರೆ ಕಾಕಾ ಎಲ್ಲಿ ಬರಬೇಕು? ಇಬ್ಬರೂ ಮೇಲೆ ಬಂದರೆ ಅತ್ತಿಯ ಗಂಡ ಏನು ಪಾಪ ಮಾಡಿದ್ದಾನೆ? ಔರಾದದ ಅಂಗಡಿಯ ಹುಡುಗ ಸೇರಿಸುತ್ತಲೇ ಹೋದ. ಕೊನೆಗೆ ನನ್ನ ಮಗ ಅಂಚೆಚೀಟಿಯಷ್ಟಾಗಿ ಸಿಂಹದ ಕಾಲ ಬಳಿ ಉಳಿದ.

ಕೇಕೂ ಔರಾದದಿಂದಲೇ ಬರಬೇಕು. ತಮ್ಮ ಮೋಟರ್‌ಸೈಕಲ್ ಹೊಡೆದ, ನಾನು ಹಿಂದೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನಡುದಾರಿಯಲ್ಲಿ ಮಳೆ, ರಸ್ತೆಯಲ್ಲಿ ತಗ್ಗು. ಮನೆಗೆ ಬಂದು ತೆರೆದರೆ ಹೆಸರಿನ ಕೊನೆಯ ಅಕ್ಷರ ಮುಚ್ಚಳಕ್ಕೆ ಅಂಟಿಕೊಂಡಿತ್ತು. ಹೆಂಡತಿ ಅದನ್ನು ಚಮಚದಿಂದ ಕೆರೆದು ಮತ್ತೆ ಜಾಗಕ್ಕೆ ಹಚ್ಚುತ್ತಿರುವಾಗ ಅವ್ವ ಬಗ್ಗಿ ಮೂಸಿ ನೋಡಿದಳು. “ತತ್ತಿ ಹಾಕಿಲ್ಲಲ್ಲ?” ಇಲ್ಲ ಎಂದು ಡಬ್ಬಿಯ ಮೇಲಿನ ಹಸಿರು ಚುಕ್ಕಿ ತೋರಿಸಿದೆ. ಆ ಚುಕ್ಕಿಯನ್ನೂ ಮೂಸಿದಳು.

ಆಮೇಲೆ ಮೋಂಬತ್ತಿಯ ಪ್ರಶ್ನೆ. “ಹಚ್ಚಿದ ದೀಪ ಬಾಯಿಲಿ ಊದಿ ಆರಿಸ್ತಾರೇನೋ, ಹುಟ್ಟಿದ ದಿನ?” ಮೊದಲು ಆರತಿ, ಆಮೇಲೆ ಮೋಂಬತ್ತಿ ಎಂದು ರಾಜಿಯಾಯಿತು. ಮಗ ಮಾತ್ರ ಅಷ್ಟು ದಿನದಿಂದ ಊದುವುದನ್ನೇ ಕಲಿತಿದ್ದ. ಐದು ಮಂದಿ ಮುತ್ತೈದೆಯರು ಆರತಿ ತಟ್ಟೆ ಮುಖದೆದುರು ತಂದರೋ ಇಲ್ಲವೋ, ಗಲ್ಲ ಉಬ್ಬಿಸಿ ಒಂದೇ ಉಸಿರಿಗೆ ಎರಡೂ ದೀಪ ಆರಿಸಿಬಿಟ್ಟ. ಹುಡುಗರು ಚಪ್ಪಾಳೆ ಹೊಡೆದರು. ಅವ್ವ ಹಣೆ ಹಣೆ ಬಡಿದುಕೊಂಡಳು. ಮೋಂಬತ್ತಿಯ ಸರದಿ ಬಂದಾಗ ಊದಿದಷ್ಟೂ ಅದು ಮತ್ತೆ ಮತ್ತೆ ಹೊತ್ತಿಕೊಂಡಿತು. ತಮ್ಮ ಆರದ ಜಾತಿಯದನ್ನು ತಂದಿದ್ದ. “ನೋಡ್ರಿ, ದೇವರು ಆರಿಸಗೊಡಲಿಲ್ಲ” ಎಂದು ಅವ್ವ ಹಿಗ್ಗಿದಳು. ಹುಡುಗ ಊದಿ ಊದಿ ಸುಸ್ತಾಗಿ ಅಳತೊಡಗಿದ.

ರಾತ್ರಿ ಕಡಾಯಿ ತೊಳೆದು, ಹರಿದ ಬಲೂನು ಬಳಿಯುತ್ತಿದ್ದೆವು. ಮುತ್ಯಾ ಹೊರಸಿನ ಮೇಲೆ ಕೂತು ಎರಡನೇ ತುಂಡು ಕೇಕು ಮುಗಿಸಿ, ಬೆರಳು ಒರೆಸಿಕೊಂಡ.

“ನಂದು ಯಾವಾಗ ಮಾಡ್ತೀರಿ?”

ನಿನ್ನ ತಾರೀಖು ಯಾರಿಗೆ ಗೊತ್ತು ಮುತ್ಯಾ ಅಂದೆ. ಅವನು ಅಂಗಿಯ ಕಿಸೆಯಿಂದ ಆಧಾರ್ ಕಾರ್ಡು ತೆಗೆದ. ತಾರೀಖು ಗೊತ್ತಿಲ್ಲದ ಎಷ್ಟೋ ಜನರಿಗೆ ಬಿದ್ದಂತೆ ಅವನಿಗೂ ಜನವರಿ 1 ಬಿದ್ದಿತ್ತು.

“ಅವತ್ತ ಊರೆಲ್ಲ ತಾನೇ ಪಟಾಕಿ ಹೊಡೀತದ, ನಿಮಗ ಖರ್ಚಿಲ್ಲ. ಬ್ಯಾನರ್ ಒಂದು ಹಾಕ್ಸು. ಆ ದೇಗಲೂರಿನವನ ಫೋಟೋ ಬ್ಯಾಡ.”