ಸರ್ವರ್ ಷಡ್ಡಕರು

ಹಿಂದೆ ಊರಿಗೊಬ್ಬರು ರೇಡಿಯೋ ಬಿಚ್ಚುವವರು ಇರುತ್ತಿದ್ದರು. ಬಿಚ್ಚಿದ್ದನ್ನು ಮತ್ತೆ ಜೋಡಿಸಿದ ಮೇಲೆ ಎರಡು ಸ್ಕ್ರೂ ಮಿಕ್ಕಿರುತ್ತಿದ್ದವು, ರೇಡಿಯೋ ಮಾತ್ರ ಹೇಗೋ ಹಾಡುತ್ತಿತ್ತು. ಆ ತಳಿ ನಶಿಸಿಲ್ಲ. ಈಗ ಅದು ಮನೆಯಲ್ಲಿ ಮೀಡಿಯಾ ಸರ್ವರ್ ಇಟ್ಟುಕೊಂಡಿದೆ.

ನನ್ನ ಪಾಲಿಗೆ ಬಂದವರು ನನ್ನ ಷಡ್ಡಕರು. ಅವರ ಮನೆಯ ಷೋಕೇಸಿನ ಕೆಳಗಿನ ಖಾನೆಯಲ್ಲಿ ಒಂದು ಕಪ್ಪು ಡಬ್ಬ ಹಗಲೂ ರಾತ್ರಿ ಗುಂಯ್ ಅನ್ನುತ್ತಿರುತ್ತದೆ. ಕಾಸು ಕೊಟ್ಟು ಕೊಂಡ ಡಿವಿಡಿಗಳು, ಹಳೆಯ ಕ್ಯಾಸೆಟ್ಟುಗಳು, ಮದುವೆ ಮುಂಜಿಯ ಫೋಟೋಗಳು ಎಲ್ಲವನ್ನೂ ಅದಕ್ಕೆ ಇಳಿಸಿದ್ದಾರೆ. ಅಲ್ಲಿಂದ ಮನೆಯ ಟೀವಿಗೂ ಫೋನುಗಳಿಗೂ ಸರಬರಾಜು. ಆ ಡಬ್ಬದ ಮೇಲೆ ಯಾರೂ ಕ್ರೋಷಾ ಬಟ್ಟೆ ಹಾಸುವಂತಿಲ್ಲ, ಅದರ ಪ್ಲಗ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕುವಂತಿಲ್ಲ. ಆಯುಧಪೂಜೆಯ ದಿನ ಸ್ಕೂಟರಿಗಿಂತ ಮೊದಲು ಕುಂಕುಮ ಅದಕ್ಕೇ.

'ಇದು ಯಾವ ಆ್ಯಪ್ ರೀ?' ಎಂದು ಕೇಳಿದವರಿಗೆ ವಂಶಾವಳಿ ಕಟ್ಟಿಟ್ಟ ಬುತ್ತಿ. ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಗೆಂದು ಹುಟ್ಟಿದ ಎಕ್ಸ್‌ಬಿಎಂಸಿ 2014ರಲ್ಲಿ ಕೋಡಿ ಎಂದು ಹೆಸರು ಬದಲಿಸಿಕೊಂಡದ್ದು, ಅದಕ್ಕೂ ಮೊದಲೇ ಪ್ಲೆಕ್ಸ್ ಅದರಿಂದ ಕವಲೊಡೆದದ್ದು, 2018ರಲ್ಲಿ ಎಂಬಿ ಎಂಬ ಇನ್ನೊಂದು ಸರ್ವರಿನವರು ತಮ್ಮ ಸೋರ್ಸ್ ಕೋಡ್‌ಗೆ ಬಾಗಿಲು ಹಾಕಿದಾಗ ಸಿಟ್ಟಾದವರು ಜೆಲ್ಲಿಫಿನ್ ಕಟ್ಟಿಕೊಂಡದ್ದು. ಕಾಫಿ ಆರುತ್ತದೆ. ನಾನು ತಲೆಯಾಡಿಸುತ್ತೇನೆ. ಅರ್ಥವಾಗದೆ ತಲೆಯಾಡಿಸುವುದನ್ನು ಆಫೀಸಿನ ಮೀಟಿಂಗುಗಳು ನನಗೆ ಚೆನ್ನಾಗಿಯೇ ಕಲಿಸಿವೆ.

ಅವರಿಗೆ ಸಿನಿಮಾಕ್ಕಿಂತ ಸೆಟ್ಟಿಂಗು ಇಷ್ಟ, ಅದರಲ್ಲೂ ಒಂದರ ಮೇಲೊಂದು ಕೂತ ಸೆಟ್ಟಿಂಗು. ತಳದಲ್ಲಿ ಸರ್ವರಿನ ಡೀಫಾಲ್ಟು. ಅದರ ಮೇಲೆ ಲೈಬ್ರರಿಯದು, ಸಿನಿಮಾಕ್ಕೆ ಒಂದು, ಧಾರಾವಾಹಿಗೆ ಇನ್ನೊಂದು. ಆಮೇಲೆ ಪ್ರೊಫೈಲು, ಅತ್ತೆಯದೇ ಬೇರೆ, ಮಗಳದೇ ಬೇರೆ. ಅಷ್ಟರಲ್ಲಿ ಟೀವಿಯ ಆ್ಯಪ್ ತನ್ನದೊಂದನ್ನು ಸೇರಿಸಿರುತ್ತದೆ. ಇದೆಲ್ಲ ಸಾಲದು ಅಂತ ಸಿನಿಮಾದ ಫೈಲಿನೊಳಗೇ ಒಂದು ಗುರುತು ಅಡಗಿ ಕೂತು, ಕೇಳದಿದ್ದರೂ ಇಂಗ್ಲಿಷ್ ಸಬ್‌ಟೈಟಲ್ ತೋರಿಸುತ್ತದೆ. ಮಲಗುವ ಕೋಣೆಯ ಟೀವಿಗೆ ಕೋಡಿ. ಅದಕ್ಕೆ ಅಡ್ವಾನ್ಸ್‌ಡ್‌ಸೆಟ್ಟಿಂಗ್ಸ್ ಎಂಬ ಎಕ್ಸ್‌ಎಂಎಲ್ ಫೈಲು. ಅದು ತಾನಾಗಿ ಇರುವುದೇ ಇಲ್ಲ, ಬೇಕಾದವರು ಬರೆದಿಡಬೇಕು. ಬರೆದಿಟ್ಟರೆ ಮುಗಿಯಿತು, ಅಲ್ಲಿ ಹೇಳಿದ್ದನ್ನು ಟೀವಿಯ ಮೆನುವಿನಿಂದ ಬದಲಿಸಲಾಗದು. ನಿನ್ನೆ ಇದ್ದ ಸೆಟ್ಟಿಂಗು ಇವತ್ತು ಮೆನುವಿನಲ್ಲೇ ಇಲ್ಲವಲ್ಲ ಎಂದು ನನ್ನ ನಾದಿನಿ ರಿಮೋಟು ಹಿಡಿದು ಹುಡುಕುತ್ತಿದ್ದರೆ, ಇವರು ಪಕ್ಕದಲ್ಲಿ ಕೂತು ಮುಗುಳ್ನಗುತ್ತಾರೆ.

ಒಮ್ಮೆ ಇದನ್ನೆಲ್ಲ ಮಾವನವರಿಗೆ ವಿವರಿಸಲು ಹೋದರು. ಮಾವ ನಿವೃತ್ತ ಸಂಸ್ಕೃತ ಮೇಷ್ಟ್ರು. ಪೂರ್ತಿ ಕೇಳಿಸಿಕೊಂಡು, 'ಸಾಮಾನ್ಯ ವಿಧಿ ಉತ್ಸರ್ಗ, ಅದನ್ನು ತಡೆಯೋ ವಿಶೇಷ ವಿಧಿ ಅಪವಾದ. ಸಮಬಲದ ಎರಡು ಸೂತ್ರ ಡಿಕ್ಕಿ ಹೊಡೆದರೆ ಆಮೇಲೆ ಬಂದದ್ದು ಗೆಲ್ಲುತ್ತೆ. ಪಾಣಿನಿ ಇದನ್ನೆಲ್ಲ ಸುಮಾರು 4,000 ಸೂತ್ರದಲ್ಲಿ ಮುಗಿಸಿದ. ನಿಮ್ಮದು ಎಷ್ಟಾಯ್ತು?' ಅಂದರು. ಷಡ್ಡಕರು ಲೆಕ್ಕ ಕೊಡಲಿಲ್ಲ.

ಇನ್ನು ನಾಗರಹಾವಿನ ಪ್ರಸಂಗ. ಗೌರಿ ಹಬ್ಬದ ಊಟ ಮುಗಿಸಿ ಎಲ್ಲರೂ ಸೋಫಾಕ್ಕೆ ಒರಗಿದ್ದೆವು. 'ನಾಗರಹಾವು ಹಾಕಿ ಅಳಿಯಂದ್ರೇ, ಚಾಮಯ್ಯ ಮೇಷ್ಟ್ರನ್ನ ನೋಡಿ ಎಷ್ಟು ದಿನ ಆಯ್ತು' ಎಂದರು ಅತ್ತೆ. ಷಡ್ಡಕರು ಹೆಮ್ಮೆಯಿಂದ ರಿಮೋಟು ಒತ್ತಿದರು. ತೆರೆಯ ಮೇಲೆ ಬಂದ ಪೋಸ್ಟರಿನಲ್ಲಿ ವಿಷ್ಣುವರ್ಧನ್ ಇಲ್ಲ, ಉಪೇಂದ್ರ!

ನಾಗರಹಾವು ಎಂಬ ಹೆಸರಿನಲ್ಲಿ ಕನ್ನಡದಲ್ಲಿ ಮೂರು ಸಿನಿಮಾ ಇವೆ. 1972ರದು ಪುಟ್ಟಣ್ಣ ಕಣಗಾಲರದು, ತ.ರಾ.ಸು. ಕಾದಂಬರಿಗಳಿಂದ ಬಂದದ್ದು. 2002ರದು ಉಪೇಂದ್ರರದು. 2016ರದರಲ್ಲಿ ವಿಷ್ಣುವರ್ಧನ್‌ರನ್ನು ಕಂಪ್ಯೂಟರಿನಲ್ಲಿ ಮತ್ತೆ ಸೃಷ್ಟಿಸಿದ್ದರು. ಸರ್ವರ್ ಬರೀ ಹೆಸರು ನೋಡಿ ಅಂತರ್ಜಾಲದಿಂದ ಪೋಸ್ಟರು ತರುತ್ತದಂತೆ, ಫೋಲ್ಡರಿನ ಹೆಸರಿಗೆ ಇಸವಿ ಸೇರಿಸಿದರೆ ಎಲ್ಲ ಸರಿಹೋಗುತ್ತದಂತೆ. 'ಎರಡೇ ನಿಮಿಷ ಅತ್ತೆ' ಎಂದು ಲ್ಯಾಪ್‌ಟಾಪು ತೆರೆದರು.

ಇಸವಿ ಸೇರಿಸಿದರು. ಉಪೇಂದ್ರ ಕದಲಲಿಲ್ಲ. ಫೋಲ್ಡರಿನಲ್ಲಿ ಸಿನಿಮಾದ ವಿವರ ಬರೆದಿಟ್ಟ ಎನ್‌ಎಫ್‌ಒ ಎಂಬ ಮರಿಫೈಲಿರುತ್ತದೆ, ಅಂತರ್ಜಾಲ ಏನೇ ಹೇಳಲಿ, ಆ ಮರಿಯ ಮಾತೇ ನಡೆಯುವುದು. ಅದನ್ನು ಅಳಿಸಿದರು. ಉಪೇಂದ್ರ ಇದ್ದಲ್ಲೇ ಇದ್ದರು. ಲೈಬ್ರರಿ ಮತ್ತೆ ಸ್ಕ್ಯಾನು, ಸರ್ವರ್ ಮತ್ತೆ ಸ್ಟಾರ್ಟು. ಆಮೇಲೆ ಸರ್ವರನ್ನು ಎಬ್ಬಿಸುವ ಡಾಕರ್ ಎಂಬ ತಂತ್ರಾಂಶದ ಕಾಂಪೋಸ್ ಫೈಲನ್ನು ತಿದ್ದಿದರು. ಅದು ಯಾಮಲ್ ಎಂಬ ಮಡಿಯ ಬರಹ. ಸಾಲಿನ ಆರಂಭದಲ್ಲಿ ಸ್ಪೇಸ್ ಒತ್ತಬೇಕು, ಟ್ಯಾಬ್ ಒತ್ತಿದರೆ ಮೈಲಿಗೆ. ಟ್ಯಾಬ್ ಒತ್ತಿದ್ದರು. ಸರ್ವರ್ ಏಳಲೇ ಇಲ್ಲ. ನಾದಿನಿ ಎದ್ದುಹೋಗಿ ಪಾತ್ರೆ ತೊಳೆದು ಬಂದಳು. ಮಾವನವರು ಕೂತಲ್ಲೇ ಗೊರಕೆ ಹಿಡಿದರು.

ಟ್ಯಾಬ್ ತೆಗೆದ ಮೇಲೆ ಸರ್ವರ್ ಎದ್ದಿತು, ಜೊತೆಗೆ ಉಪೇಂದ್ರರೂ. ಷಡ್ಡಕರ ಹಣೆಯಲ್ಲಿ ಬೆವರು. ಆ ಕಾಂಪೋಸ್ ಫೈಲಿದ್ದ ಫೋಲ್ಡರಿನ ಮೂಲೆಯಲ್ಲಿ ಓವರ್‌ರೈಡ್ ಎಂಬ ಹೆಸರಿನ ಇನ್ನೊಂದು ಫೈಲು ಆಗ ಅವರ ಕಣ್ಣಿಗೆ ಬಿತ್ತು. ಅಂಥ ಫೈಲು ಇದ್ದರೆ ಡಾಕರ್ ಯಾರ ಅಪ್ಪಣೆಗೂ ಕಾಯದೆ ಅದನ್ನೂ ಓದಿಕೊಂಡು, ಅಸಲು ಫೈಲಿನ ಮೇಲೆ ಹೊದಿಸುತ್ತದೆ. ಅದರಲ್ಲಿ ಇದ್ದದ್ದು ಒಂದೇ ವಿಷಯ: ಸಿನಿಮಾಗಳನ್ನು ಹಳೆಯ ಡಿಸ್ಕಿನಿಂದ ಓದು. ಇವರು ಬೆವರು ಸುರಿಸಿ ತಿದ್ದುತ್ತಿದ್ದದ್ದು ಹೊಸ ಡಿಸ್ಕನ್ನು, ಸರ್ವರ್ ನೋಡುತ್ತಿದ್ದದ್ದು ಹಳೆಯದನ್ನು. 'ಯಾರು ಇದನ್ನ ಬರೆದೋರು?' ಎಂದು ಗುಡುಗಿದರು. ನಾನು ಬಗ್ಗಿ ನೋಡಿದೆ. ಮೊದಲ ಸಾಲಿನಲ್ಲಿ ಕನ್ನಡದಲ್ಲೇ ಟಿಪ್ಪಣಿ ಇತ್ತು: 'ತಾತ್ಕಾಲಿಕ. ನಾಳೆ ತೆಗೆಯಬೇಕು.' ಆ ಮನೆಯಲ್ಲಿ ಅಂಥ ಫೈಲಿಗೆ ಕೈ ಹಾಕುವವರು ಇನ್ನೊಬ್ಬರಿಲ್ಲ.

ಇಷ್ಟರಲ್ಲಿ ಅತ್ತೆಗೆ ತಾಳ್ಮೆ ಮುಗಿದಿತ್ತು. 'ಹೋಗ್ಲಿ ಬಿಡಿ, ಉಪೇಂದ್ರಂದೇ ನೋಡೋಣ' ಎಂದು ರಿಮೋಟು ತೆಗೆದುಕೊಂಡು ಆ ಪೋಸ್ಟರಿನ ಮೇಲೇ ಓಕೆ ಒತ್ತಿದರು. ಚಿತ್ರದುರ್ಗದ ಕೋಟೆ ಬಂತು, ರಾಮಾಚಾರಿ ಬಂದ, ಚಾಮಯ್ಯ ಮೇಷ್ಟ್ರಾಗಿ ಕೆ.ಎಸ್. ಅಶ್ವತ್ಥ್ ಬಂದರು. ತಪ್ಪಿದ್ದದ್ದು ಮುಖಚಿತ್ರ, ಒಳಗಿದ್ದದ್ದು ಸರಿಯಾದ ಸಿನಿಮಾವೇ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಸಿದ್ಧರಾಗಿ ಕೂತರು. ಷಡ್ಡಕರು ಮಾತ್ರ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, 'ಅತ್ತೆ, ನಿಲ್ಲಿಸಿ, ಅದಿನ್ನೂ ಸರಿಯಾಗಿಲ್ಲ' ಅಂದರು.

ಬೈಯುವುದು ಸುಲಭ. ಆದರೆ ದುಡ್ಡು ಕಟ್ಟಿ ನೋಡುವ ಆ್ಯಪ್‌ಗಳಲ್ಲಿ ಹಕ್ಕಿನ ಕರಾರು ಮುಗಿದ ಸಿನಿಮಾ ಹೇಳದೆ ಕೇಳದೆ ಕಾಣೆಯಾಗುತ್ತದೆ. ಷಡ್ಡಕರ ಡಬ್ಬದಿಂದ ಇವತ್ತಿನವರೆಗೆ ಒಂದೂ ಕಾಣೆಯಾಗಿಲ್ಲ. ಬಂಧುಬಳಗದಲ್ಲಿ ಯಾರ ಮನೆಯ ಅಟ್ಟದಲ್ಲಿ ವಿಎಚ್‌ಎಸ್ ಕ್ಯಾಸೆಟ್ಟು ಬೂಸ್ಟು ಹಿಡಿಯುತ್ತಿದ್ದರೂ ಅದನ್ನು ಇಸಿದುಕೊಂಡು ಬರುವವರು ಅವರೊಬ್ಬರೇ. ಮಾವನವರ ಮನೆಯ ಗೃಹಪ್ರವೇಶದ ಕ್ಯಾಸೆಟ್ಟನ್ನು ಹಾಗೇ ಇಳಿಸಿದ್ದಾರೆ. ಅದಕ್ಕೆ ಅಂತರ್ಜಾಲದಲ್ಲಿ ಮಾಹಿತಿ ಎಲ್ಲಿಂದ ಬರಬೇಕು? ಎನ್‌ಎಫ್‌ಒ ಫೈಲನ್ನು ತಾವೇ ಕೂತು ಬರೆದಿದ್ದಾರೆ. ನಟನಟಿಯರ ಪಟ್ಟಿಯಲ್ಲಿ ಹೆಸರು, ಮುಂದೆ ಪಾತ್ರ. ದೊಡ್ಡಮ್ಮ: ಹೋಳಿಗೆ. ಚಿಕ್ಕಪ್ಪ: ಷಾಮಿಯಾನದವನ ಜೊತೆ ಜಗಳ. ಸೋದರತ್ತೆ: ಹಸುವನ್ನು ಒಳಗೆ ಕರೆತಂದವರು. ಆ ಪಟ್ಟಿಯ ಅರ್ಧಕ್ಕರ್ಧ ಜನ ಈಗಿಲ್ಲ. ಯಾವ ಸ್ಕ್ಯಾನೂ ಅಪ್‌ಡೇಟೂ ಮುಟ್ಟದ ಹಾಗೆ ಆ ಫೈಲಿಗೆ ಬೀಗ ಹಾಕುವ ಒಂದು ಸಾಲನ್ನೂ ಸೇರಿಸಿದ್ದಾರೆ. ಅಷ್ಟು ಪದರಗಳ ಪೈಕಿ ನನಗೆ ಪೂರ್ತಿ ಅರ್ಥವಾದದ್ದು ಆ ಸಾಲು ಮಾತ್ರ.

ಚಿಂತೆ ಇರುವುದೂ ಅಲ್ಲೇ. ಷಡ್ಡಕರು ಆಫೀಸಿನ ಕೆಲಸಕ್ಕೆ ಪರಊರಿಗೆ ಹೋದ ವಾರ ಟೀವಿ ಕಪ್ಪಾದರೆ ನಾದಿನಿ ನನಗೆ ಫೋನ್ ಮಾಡುತ್ತಾಳೆ. ಪ್ಲಗ್ ತೆಗೆದು ಹಾಕು ಅನ್ನುವುದನ್ನು ಬಿಟ್ಟು ನನಗೆ ಬೇರೆ ಮಂತ್ರ ಬರುವುದಿಲ್ಲ. ಎರಡು ತಲೆಮಾರಿನ ನೆನಪೆಲ್ಲ ಆ ಡಬ್ಬದಲ್ಲಿದೆ, ಅದರ ಕೀಲಿಕೈ ಒಬ್ಬರ ತಲೆಯಲ್ಲಿದೆ. ಆ ತಲೆಯೋ, ತಾನೇ ಬರೆದ ಓವರ್‌ರೈಡನ್ನು ಮರೆಯುವಂಥದ್ದು.

ಇಂಥವರು ನಿಮ್ಮ ಮನೆಯಲ್ಲೂ ಇದ್ದರೆ, ಮೂಡು ಚೆನ್ನಾಗಿರುವಾಗ ಹಿಡಿದು ಕೂರಿಸಿ ಬರೆಸಿಕೊಳ್ಳಿ: ಯಾವ ಡಿಸ್ಕು, ಯಾವ ಫೋಲ್ಡರು, ಯಾವ ಫೈಲಿನ ಮಾತನ್ನು ಯಾವ ಫೈಲು ಮೀರುತ್ತದೆ, ಪಾಸ್‌ವರ್ಡ್ ಏನು. ನೋಟ್‌ಬುಕ್ಕಿನಲ್ಲಿ, ಪೆನ್ನಿನಲ್ಲಿ ಬರೆಸಿ. ಕಂಪ್ಯೂಟರಿನಲ್ಲಿ ನೀಟಾಗಿ ಮಾಡಿಕೊಡುತ್ತೇನೆ ಎಂದರೆ ಜಪ್ಪಯ್ಯ ಅಂದರೂ ಒಪ್ಪಬೇಡಿ.