ಮಾರಿಸ್ ಮೈನರ್ ಕಾರಿನ ಗ್ರಂಥಸಂಪಾದನೆ: ಸ್ಕ್ರೂ ಸೀಳಿನ ದಿಕ್ಕು ಮತ್ತು ಇತರ ಪಾಠಾಂತರಗಳು

ಹಳೆಯ ಕಾರನ್ನು ಮೊದಲಿನಂತೆ ಮಾಡುವುದು ಮೆಕ್ಯಾನಿಕ್ಕಿನ ಕೆಲಸವೆಂದು ಲೋಕ ನಂಬಿದೆ. ಲೋಕಕ್ಕೆ ತಿಳಿವಳಿಕೆ ಸಾಲದು. ಅದು ಗ್ರಂಥಸಂಪಾದಕನ ಕೆಲಸ. ಓಲೆಗರಿಯಿಂದ ಓಲೆಗರಿಗೆ ಪ್ರತಿಯಾಗುತ್ತ ಕಾವ್ಯ ಹೇಗೆ ಕೆಡುತ್ತದೆಯೋ, ಗ್ಯಾರೇಜಿನಿಂದ ಗ್ಯಾರೇಜಿಗೆ ದಾಟುತ್ತ ಕಾರೂ ಹಾಗೇ ಕೆಡುತ್ತದೆ. ಲಿಪಿಕಾರ ಅಕ್ಷರ ಬಿಟ್ಟರೆ ಮೆಕ್ಯಾನಿಕ್ ವಾಷರ್ ಬಿಡುತ್ತಾನೆ. ಲಿಪಿಕಾರ ತನಗರ್ಥವಾಗದ ಹಳಗನ್ನಡ ಪದವನ್ನು ತೆಗೆದು ಅರ್ಥವಾಗುವ ಪದ ಕೂರಿಸಿದರೆ, ಮೆಕ್ಯಾನಿಕ್ ಕಾರಿನ ಜೊತೆಗೇ ಬಂದಿದ್ದ ಲೂಕಾಸ್ ಕಂಪನಿಯ ಸ್ವಿಚ್ ತೆಗೆದು ಮನೆಯ ಗೋಡೆಗೆ ಹಾಕುವ ಸ್ವಿಚ್ ಕೂರಿಸುತ್ತಾನೆ. ಓಲೆಗರಿಗಳನ್ನೂ ಹಳೆಯ ಕಾರುಗಳನ್ನೂ ಧರ್ಮಸ್ಥಳವೆಂಬ ಒಂದೇ ಊರಿನಲ್ಲಿ ಕಾಪಿಟ್ಟಿದ್ದಾರೆ. ಇದನ್ನು ಕಾಕತಾಳೀಯವೆನ್ನುವವರೊಡನೆ ನಮಗೆ ವಾದವಿಲ್ಲ, ಅವರು ಮುಂದಕ್ಕೆ ಓದಬೇಕಾಗಿಯೂ ಇಲ್ಲ.

ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ ಬರೆದು ಉಪಕಾರ ಮಾಡಿದರು. ಕಾರ್ಬ್ಯುರೇಟರಿನ ವಿಚಾರವನ್ನು ಮಾತ್ರ ಮುಂದಿನವರಿಗೆ ಬಿಟ್ಟರು. ಆ ಮುಂದಿನವರು ನಾವು. ಪರಿಶೀಲನೆಗೆ ಎತ್ತಿಕೊಂಡ ಕೃತಿ ಮಾರಿಸ್ ಮೈನರ್. ಕವಿ ಅಲೆಕ್ ಇಸಿಗೋನಿಸ್, ಕಾಲ 1948, ದೇಶ ಆಕ್ಸ್‌ಫರ್ಡ್ ಪಕ್ಕದ ಕೌಲಿ. ನಮ್ಮಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಇದನ್ನು ‘ಬೇಬಿ ಹಿಂದೂಸ್ತಾನ್’ ಎಂದು ನಾಮಾಂತರಿಸಿ ಮಾರಿದರು. ಆಶ್ರಯದಾತ ಲಾರ್ಡ್ ನಫೀಲ್ಡ್ ಕೃತಿಯನ್ನು ಮೊದಲು ಕಂಡಾಗ ಪೋಚ್ಡ್ ಎಗ್ ಇದ್ದಹಾಗಿದೆ ಎಂದು ಹಳಿದನೆಂದು ಪ್ರತೀತಿ. ಆಶ್ರಯದಾತರು ಕೃತಿಯನ್ನು ನಿಜವಾಗಿ ನೋಡಿಯೇ ಅಭಿಪ್ರಾಯ ಹೇಳಿದ ಅಪರೂಪದ ಪ್ರಸಂಗವಿದು.

ಈಗ ಸ್ಕ್ರೂ ಸೀಳಿನ ಅಧಿಕರಣ. ವಿಷಯ: ಬಾಗಿಲ ಹೊಸ್ತಿಲಿನ ತಗಡಿಗೆ, ಡ್ಯಾಶ್‌ಬೋರ್ಡಿಗೆ ಹಾಕಿದ ಮೈನಸ್ ಸ್ಕ್ರೂಗಳು. ಸಂಶಯ: ಬಿಗಿ ಮಾಡಿ ಮುಗಿದ ಮೇಲೆ ಅವುಗಳ ಸೀಳು ಯಾವ ದಿಕ್ಕಿಗೆ ನಿಲ್ಲಬೇಕು? ಊರ್ಧ್ವಸೀಳು ಪಂಥದವರು ಎಲ್ಲವೂ ನೆಟ್ಟಗೆ ನಿಲ್ಲಬೇಕೆನ್ನುತ್ತಾರೆ. ನೀರು ನಿಲ್ಲದೆ ಇಳಿದುಹೋಗುತ್ತದೆ, ತುಕ್ಕು ಹಿಡಿಯುವುದಿಲ್ಲ ಎಂಬುದು ಅವರ ಯುಕ್ತಿ. ನೀರು ಡ್ಯಾಶ್‌ಬೋರ್ಡಿಗೆ ಎಲ್ಲಿಂದ ಬಂತೆಂದು ಕೇಳಿದರೆ, ಮೈನರ್ ಕಾರಿನ ಮುಂಗಾಜಿನ ರಬ್ಬರ್ ನೋಡಿಲ್ಲವೇ ಎಂದು ಮರುಪ್ರಶ್ನೆ ಹಾಕುತ್ತಾರೆ. ಅಡ್ಡಸೀಳು ಪಂಥದವರಿಗೆ ಯುಕ್ತಿಯಿಲ್ಲ, ಸಂಖ್ಯಾಬಲವಿದೆ. ಹಳೆಯ ಕಾರುಗಳ ಪ್ರದರ್ಶನ ಸ್ಪರ್ಧೆಗೆ ಇಳಿಯುವ ಕಾರುಗಳಿಗೆ ಈ ಎರಡು ಪಂಥಗಳಲ್ಲೊಂದರ ದೀಕ್ಷೆ ಅನಿವಾರ್ಯ. ಅರ್ಧ ಸುತ್ತು ಹೆಚ್ಚು ಬಿಗಿದರೆ ಥ್ರೆಡ್ ಹೋಗುತ್ತದೆ, ಕಡಿಮೆ ಬಿಗಿದರೆ ತಗಡು ಗಡಗಡ ಅನ್ನುತ್ತದೆ. ಆದ್ದರಿಂದ ಒಂದು ಡಬ್ಬಿ ಸ್ಕ್ರೂ ಸುರಿದುಕೊಂಡು, ಸರಿಯಾದ ಬಿಗಿಗೆ ಸರಿಯಾದ ದಿಕ್ಕಿಗೇ ನಿಲ್ಲುವ ಸ್ಕ್ರೂ ಸಿಗುವವರೆಗೆ ಒಂದೊಂದನ್ನೇ ಹಾಕಿ ತೆಗೆಯುವುದು ಸಂಪ್ರದಾಯ. ವಧೂವರರ ಜಾತಕ ಕೂಡಿಸುವವರೂ ಇಷ್ಟು ನಿಷ್ಠುರರಲ್ಲ.

ಇಬ್ಬರನ್ನೂ ಖಂಡಿಸಿ ಯಥಾಪತನ ಪಂಥ ಹುಟ್ಟಿತು. ಕೌಲಿಯ ಕಾರ್ಖಾನೆಯ ಕೆಲಸಗಾರ ಸ್ಕ್ರೂ ನಿಂತಲ್ಲಿಗೆ ಕೈಬಿಟ್ಟು ಮುಂದಿನ ಕಾರಿಗೆ ಹೋದವನು, ಅವನಿಗೆ ದಿಕ್ಕಿನ ಹಂಗಿರಲಿಲ್ಲ. ಆದ್ದರಿಂದ ಸೀಳುಗಳು ಅಡ್ಡಾದಿಡ್ಡಿಯಾಗಿರುವುದೇ ಮೂಲಪಾಠ ಎಂಬುದು ಇವರ ಸಿದ್ಧಾಂತ. ತೊಡಕು ಬರುವುದು ಇಲ್ಲೇ. ಯೋಚಿಸಿ ಅಡ್ಡಾದಿಡ್ಡಿ ಮಾಡಿದ್ದು ಅಡ್ಡಾದಿಡ್ಡಿ ಆಗುವುದಿಲ್ಲ. ಇದನ್ನರಿತು, ಪ್ರತಿ ಸ್ಕ್ರೂವಿಗೂ ಕವಡೆ ಹಾಕಿ ದಿಕ್ಕು ತೀರ್ಮಾನಿಸುವ ಒಳಪಂಥವೊಂದು ಹುಟ್ಟುವುದು ಕಾಲದ ಪ್ರಶ್ನೆ ಮಾತ್ರ.

ಸ್ಟಾರ್ ಸ್ಕ್ರೂ ವಿಷಯದಲ್ಲಿ ಇಷ್ಟು ಕಷ್ಟವಿಲ್ಲ. ಅದನ್ನು ಕಾರಿಗೆ ಮೊದಲು ಬಳಸಿದ್ದು 1936ರ ಕ್ಯಾಡಿಲಾಕ್‌ನಲ್ಲಿ. ಅದಕ್ಕಿಂತ ಹಿಂದಿನ ಕಾರಿನಲ್ಲಿ ಕಂಡರೆ ಪ್ರಕ್ಷಿಪ್ತವೆಂದು ಕಣ್ಣುಮುಚ್ಚಿ ಕಿತ್ತುಹಾಕಬಹುದು. ತಂತಿಗಳ ವಿಷಯವೂ ಸರಳವೇ: ಲೂಕಾಸ್ ಪದ್ಧತಿಯಲ್ಲಿ ಹೆಡ್‌ಲ್ಯಾಂಪಿಗೆ ನೀಲಿ, ಸಣ್ಣ ದೀಪಕ್ಕೆ ಕೆಂಪು, ಬ್ಯಾಟರಿಯಿಂದ ಬರುವುದಕ್ಕೆ ಕಂದು, ಅರ್ತಿಂಗ್‌ಗೆ ಕಪ್ಪು. ನಮಗೆ ಸಿಕ್ಕುವ ಪ್ರತಿಗಳಲ್ಲಿ ನಾಲ್ಕಕ್ಕೂ ಒಂದೇ ಬಣ್ಣ, ಆ ದಿನ ಅಂಗಡಿಯಲ್ಲಿ ಇದ್ದ ಬಣ್ಣ.

ನಿಜವಾದ ಪಾಂಡಿತ್ಯ ಬೇಕಾಗುವುದು ಥ್ರೆಡ್ಡಿನಲ್ಲಿ. ಎರಡು ಪಾಠಗಳಿದ್ದರೆ ಕ್ಲಿಷ್ಟವಾದದ್ದೇ ಮೂಲ, ಸರಳವಾದದ್ದು ಲಿಪಿಕಾರನ ಕೈವಾಡ ಎಂಬುದು ಗ್ರಂಥಸಂಪಾದನೆಯ ಸೂತ್ರ. ಕಾರಿಗೆ ಅನ್ವಯಿಸಿದರೆ, ಸುಲಭವಾಗಿ ಬಿಚ್ಚಿಕೊಳ್ಳುವ ಬೋಲ್ಟ್ ಪ್ರಕ್ಷಿಪ್ತ. ಬೆರಳ ಗೆಣ್ಣು ತರಚಿಸಿದ್ದು ಮೂಲ. ಈ ಸೂತ್ರದ ಪರಮೋದಾಹರಣೆ ಮೈನರ್‌ನ ದಾಯಾದಿ ಎಂಜಿ ಟಿಸಿ ಕಾರಿನ ಎಂಜಿನ್. ಅದರ ಬೋಲ್ಟಿನ ತಲೆ ವಿಟ್‌ವರ್ತ್ ಅಳತೆಯದು, ಥ್ರೆಡ್ ಮಾತ್ರ ಮೆಟ್ರಿಕ್. ಕಾರಣ ಐತಿಹಾಸಿಕ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಹಾಚ್ಕಿಸ್ ಕಂಪನಿ ತನ್ನ ಯಂತ್ರಗಳೊಡನೆ ಇಂಗ್ಲೆಂಡಿನ ಕವೆಂಟ್ರಿಗೆ ಬಂತು. ಯುದ್ಧ ಮುಗಿದ ಮೇಲೆ ಮಾರಿಸ್‌ಗೆ ಎಂಜಿನ್ ಮಾಡಿಕೊಟ್ಟಿತು. 1923ರಲ್ಲಿ ಮಾರಿಸ್ ಆ ಕವೆಂಟ್ರಿ ಕಾರ್ಖಾನೆಯನ್ನೇ ಕೊಂಡುಕೊಂಡ. ಯಂತ್ರಗಳು ಫ್ರೆಂಚ್ ಅಳತೆಯ ಥ್ರೆಡ್ ಕೊರೆಯುತ್ತಿದ್ದವು, ಇಂಗ್ಲಿಷ್ ಗಿರಾಕಿಯ ಪೆಟ್ಟಿಗೆಯಲ್ಲಿದ್ದದ್ದು ವಿಟ್‌ವರ್ತ್ ಸ್ಪ್ಯಾನರ್. ಇಬ್ಬರನ್ನೂ ನೋಯಿಸಬಾರದೆಂದು ಮಾಡಿದ ಈ ಮಣಿಪ್ರವಾಳ ಶೈಲಿ 1955ರವರೆಗೂ ಎಂಜಿ ಕಾರುಗಳಲ್ಲಿ ಉಳಿಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಇಂಥ ಬೋಲ್ಟ್ ಕೇಳಿದ ವಿದ್ವಾಂಸನನ್ನು ಅಂಗಡಿಯವರು ಕೂರಿಸಿ, ಮೊದಲು ಕಾಫಿ ತರಿಸಿಕೊಡುತ್ತಾರೆ. ಅದು ಗೌರವವೋ ಕನಿಕರವೋ ಎಂಬುದು ಪ್ರತ್ಯೇಕ ಸಂಶೋಧನೆಗೆ ಅರ್ಹ.

ಸಂಪಾದಕ ಲಿಪಿಕಾರನ ತಪ್ಪು ತಿದ್ದಬೇಕು, ಕವಿಯ ತಪ್ಪನ್ನು ಮುಟ್ಟಬಾರದು. ಮೈನರ್‌ನಲ್ಲಿ ಕವಿಯ ತಪ್ಪು ನಾಲ್ಕು ಇಂಚು ಅಗಲವಿದೆ. ಕಾರು ಬಹುಮಟ್ಟಿಗೆ ಸಿದ್ಧವಾದ ಮೇಲೆ ಇಸಿಗೋನಿಸ್‌ಗೆ ಅದು ತೀರ ಇರುಕಾಗಿ ಕಂಡಿತು. ಮಾದರಿ ಕಾರನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿ, ಹೋಳುಗಳನ್ನು ಅತ್ತಿತ್ತ ಸರಿಸಿ, ಕಣ್ಣಿಗೆ ಒಪ್ಪುವಂತಾದಾಗ ನಿಲ್ಲಿಸೆಂದ. ಅಳೆದರೆ ನಾಲ್ಕು ಇಂಚು. ಬಾನೆಟ್ಟಿನ ನಡುವೆ ಇರುವ ಚಪ್ಪಟೆ ಪಟ್ಟಿ ಆ ತೇಪೆಯ ಗುರುತು. ಬಂಪರುಗಳು ಅಷ್ಟರಲ್ಲಾಗಲೇ ತಯಾರಾಗಿದ್ದವು. ಅವನ್ನು ನಡುವೆ ಕತ್ತರಿಸಿ ನಾಲ್ಕಿಂಚು ತಗಡು ಸೇರಿಸಿದರು. ಆರಂಭದ ಮೈನರ್ ಇಟ್ಟುಕೊಂಡವರು ಇಂದು ಈ ತೇಪೆಯ ತಗಡಿಗಾಗಿ ಗುಜರಿಗಳನ್ನು ಸೋಸುತ್ತಾರೆ. ಅಖಂಡ ಬಂಪರ್ ನೋಡಲು ಚೆನ್ನ, ಆದರೆ ಶುದ್ಧಪಾಠವಲ್ಲ. ತೇಪೆಯ ಎರಡೂ ಅಂಚು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಕೂರಿಸಿದರೆ ಅದೂ ಅಶುದ್ಧ. ತರಾತುರಿಯಲ್ಲಿ ಮಾಡಿದ್ದನ್ನು ತಿಂಗಳುಗಟ್ಟಲೆ ಕೂತು, ತರಾತುರಿಯಲ್ಲಿ ಮಾಡಿದಂತೆಯೇ ಕಾಣುವ ಹಾಗೆ ಮಾಡುವುದೇ ಈ ಶಾಸ್ತ್ರದ ಶಿಖರ.

ಈ ಕ್ಷೇತ್ರಕ್ಕೆ ಈಗ ರಾಜಾಶ್ರಯವೂ ಇದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದು, ಬದಲಿಸಿದ ಭಾಗಗಳ ಮೇಲೆ ಎದ್ದುಕಾಣದಂತೆ ಗುರುತು ಹಾಕಬೇಕೆನ್ನುತ್ತದೆ. ಸಂಪಾದಿತ ಗ್ರಂಥದಲ್ಲಿ ಊಹಾಪಾಠಕ್ಕೆ ಕಂಸ ಹಾಕುವ ಮರ್ಯಾದೆ ಇದೇ. ನಮ್ಮ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದು, ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನಕ್ಕೆ ‘ವಿಎ’ ಅಕ್ಷರಗಳ ನಂಬರ್ ಕೊಡುವುದಾಗಿ ಹೇಳಿತು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಗ್ರಂಥ ಶುದ್ಧವಾದ ಮೇಲೆ ಅದನ್ನು ಯಾರೂ ಓದಬಾರದೆಂಬುದು ವಿಶ್ವವಿದ್ಯಾಲಯಗಳು ಬಹಳ ಹಿಂದೆಯೇ ಕಂಡುಕೊಂಡ ಸತ್ಯ.

ಪೂರ್ವಪಕ್ಷವೊಂದು ಉಳಿದಿದೆ. ಬಿಡಿಭಾಗಗಳ ಆಮದಿಗೆ ಲೈಸೆನ್ಸ್ ಬೇಕಿದ್ದ ಕಾಲದಲ್ಲಿ, ಇಲ್ಲದ ಗ್ಯಾಸ್ಕೆಟ್ಟನ್ನು ರಟ್ಟಿನಲ್ಲಿ ಕತ್ತರಿಸಿ, ಇಲ್ಲದ ಬುಶ್ಶನ್ನು ಲೇತಿನಲ್ಲಿ ಕಡೆದು, ಅಂಬಾಸಿಡರಿನದೋ ಫಿಯೆಟ್ಟಿನದೋ ಭಾಗವನ್ನು ತಟ್ಟಿ ಬಾಗಿಸಿ ಕಾರನ್ನು ಓಡಿಸಿಕೊಟ್ಟವನು ಈ ಲಿಪಿಕಾರನೇ. ಓಲೆಯ ಕೊನೆಗೆ ಲಿಪಿಕಾರ ‘ತಪ್ಪಿದ್ದರೆ ತಿದ್ದಿಕೊಳ್ಳುವುದು’ ಎಂದು ಕೈಮುಗಿಯುವಂತೆ ಇವನೂ ‘ಸದ್ಯಕ್ಕೆ ಓಡ್ಸಿ ಸಾರ್, ಆಮೇಲೆ ನೋಡಣ’ ಎಂದೇ ಕೀಲಿಕೈ ಕೊಟ್ಟಿದ್ದ. ಅವನು ಕೆಡಿಸದಿದ್ದರೆ ನಾವು ಶುದ್ಧಿ ಮಾಡಲು ಕಾರೇ ಉಳಿಯುತ್ತಿರಲಿಲ್ಲವಲ್ಲ ಎಂಬ ಈ ಆಕ್ಷೇಪಕ್ಕೆ ನಮ್ಮಲ್ಲಿ ಸಮರ್ಥ ಉತ್ತರವಿದೆ. ಪ್ರಬಂಧದ ವ್ಯಾಪ್ತಿಯನ್ನು ಮೀರುವುದರಿಂದ ಕೊಟ್ಟಿಲ್ಲ.

ಕಡೆಯದಾಗಿ ಎಣ್ಣೆಯ ಅಧಿಕರಣ. ಆ ಕಾಲದ ಹಲವು ಬ್ರಿಟಿಷ್ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಹಿಂತುದಿಗೆ ಈಗಿನಂತೆ ರಬ್ಬರ್ ಸೀಲ್ ಇರಲಿಲ್ಲ. ಶಾಫ್ಟಿನ ಮೇಲೆ ಕೊರೆದ ಸುರುಳಿಗೀರು ತಿರುಗುವಾಗ ಎಣ್ಣೆಯನ್ನು ಒಳಕ್ಕೆ ದೂಡುತ್ತದೆ. ಎಂಜಿನ್ ನಿಂತಾಗ ದೂಡುವವರಿಲ್ಲ, ಎಣ್ಣೆ ತೊಟ್ಟಿಕ್ಕುತ್ತದೆ. ಹೊಸ ಸೀಲ್ ಹಾಕಿ ನಿಲ್ಲಿಸುವವರಿದ್ದಾರೆ; ಕವಿಯನ್ನೇ ತಿದ್ದುವ ಈ ಧಾರ್ಷ್ಟ್ಯವನ್ನು ನಾವು ಒಪ್ಪುವುದಿಲ್ಲ. ಸೋರಿಕೆ ಮೂಲಪಾಠ. ಆದರೆ ಮನೆಯ ಪೋರ್ಟಿಕೋಗೆ ಗ್ರಾನೈಟ್ ಹಾಕಿಸಿರುವುದರಿಂದ ಅಡಿಯಲ್ಲಿ ಬೋಗುಣಿ ಇಡಲೇಬೇಕಾಗಿದೆ. ಬೋಗುಣಿಯನ್ನು ಪಾಠವೆಂದಲ್ಲ, ಟೀಕೆಯೆಂದು ಪರಿಗಣಿಸಬೇಕೆಂಬುದು ನಮ್ಮ ನಿಲುವು. ಟೀಕೆಯ ಭಾಷೆ ಮೂಲದ ಕಾಲದ್ದೇ ಆಗಿರಬೇಕಾದ ಕಾರಣ ಪ್ಲಾಸ್ಟಿಕ್ ವರ್ಜ್ಯ. ಎನಾಮಲ್ ಬೋಗುಣಿಯೋ ಅಲ್ಯೂಮಿನಿಯಂ ಬೋಗುಣಿಯೋ ಎಂಬುದರಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದ್ದು, ಅಡುಗೆಮನೆಯಿಂದ ಎರಡೂ ಮಾಯವಾಗಿರುವ ಬಗ್ಗೆ ಮನೆಯಲ್ಲಿ ವಿಚಾರಣೆ ನಡೆಯುತ್ತಿದೆ.